ವಸ್ತಿ ಬಸ್ಸಿನ ಹುಲಿಗೇಶ ಬರಿಗಾಲಲ್ಲಿ ಓಡಿದ್ದು

ಸಂಜೆ ಸಿಂಧನೂರಿನಿಂದ ಹೊರಟು ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಮರುದಿನ ನಸುಕಿನಲ್ಲಿ ಜನರನ್ನು ತುಂಬಿಕೊಂಡು ಪೇಟೆಗೆ ಮರಳುವ ಬಸ್ಸಿಗೆ ನಮ್ಮ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ಆ ಪಾಳಿ ಯಾವ ಡ್ರೈವರಿಗೂ ಬೇಡ. ಸೊಳ್ಳೆ, ಸೆಕೆ, ಸೀಟಿನ ಮೇಲೆ ಮುದುಡಿಕೊಂಡು ನಿದ್ದೆ, ಬೆಳಗಾದರೆ ಚೆಂಬು ಹಿಡಿದು ಹೊಲದ ಕಡೆ ನಡೆಯುವುದು. ಬಳಗಾನೂರಿನ ಹುಲಿಗೇಶ ಮಾತ್ರ ವಳಕಮದಿನ್ನಿಯ ವಸ್ತಿಯನ್ನು ತಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಮೊದಮೊದಲು ಭತ್ಯೆಯ ಆಸೆಗೆ ಕೇಳುತ್ತಿದ್ದ. ಆಮೇಲೆ ಅದು ರೂಢಿಯಾಯಿತು. ಕೊನೆಕೊನೆಗೆ ಯಾಕೆ ಕೇಳುತ್ತಿದ್ದನೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಹಗಲಿಗೆ ಅವನ ಬಸ್ಸು ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ತಿರುಗುತ್ತಿತ್ತು. ಸಂಜೆಗೆ ವಳಕಮದಿನ್ನಿ. ಮೊದಲು ಅಸದ್ ಎಂಬ ಕಂಡಕ್ಟರ್ ಜೊತೆಗಿದ್ದ. ಮಾತಿನ ಮನುಷ್ಯ. ಹಿಂದಿನ ಉದ್ದ ಸೀಟಿನ ಮೇಲೆ ಮಲಗಿ, ನಿದ್ದೆ ಬರುವವರೆಗೆ ತನ್ನ ಮನೆಯ ಸುದ್ದಿ, ಮಾವನ ಮನೆಯ ಸುದ್ದಿ, ಯಾರ ಮದುವೆಯಲ್ಲಿ ಬಿರಿಯಾನಿ ಕಡಿಮೆ ಬಿತ್ತು ಎಂಬ ಸುದ್ದಿ ಎಲ್ಲ ಹೇಳುತ್ತಿದ್ದ. ಹುಲಿಗೇಶ ಹೂಂ ಅನ್ನುತ್ತ ಕೇಳುತ್ತಿದ್ದ. ಆಮೇಲೆ ಆ ದಾರಿಗೆ ಡ್ರೈವರನೇ ಟಿಕೆಟ್ಟೂ ಹರಿಯಬೇಕೆಂದು ಆಯಿತು. ಅಸದ್‌ಗೆ ಬೇರೆ ದಾರಿ ಬಿತ್ತು. ಅಂದಿನಿಂದ ಊರ ಹೊರಗೆ ನಿಂತ ಆ ದೊಡ್ಡ ಬಸ್ಸಿನೊಳಗೆ ಹುಲಿಗೇಶ ಒಬ್ಬನೇ ಆದ.

ಹಾಗೆಂದು ಅವನಿಗೆ ಮನೆಯಿರಲಿಲ್ಲ ಅಂತಲ್ಲ. ಸಿಂಧನೂರಿನಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಹೆಂಡತಿ ಅಮರೇಶ್ವರಿ. ಮಕ್ಕಳಾಗಲಿಲ್ಲ. ಆಗಲಿಲ್ಲ ಅನ್ನುವ ದುಃಖವನ್ನು ಇಬ್ಬರೂ ಬೇರೆ ಬೇರೆಯಾಗಿ ಉಂಡು ಮುಗಿಸಿದ್ದರು. ಅವಳು ಪಡಸಾಲೆಯಲ್ಲಿ ಒಲೆ ಹಾಕಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಿದ್ದಳು. ಓಣಿಯ ಹೆಣ್ಣುಮಕ್ಕಳು ಒಂದಿಬ್ಬರು ಅವಳ ಜೊತೆ ದುಡಿಯುತ್ತಿದ್ದರು. ಹುಲಿಗೇಶ ಬಿಡುವಿನ ದಿನ ಮನೆಗೆ ಬಂದರೆ ಅಲ್ಲಿ ನಗು, ಮಾತು ನಡೆದಿರುತ್ತಿತ್ತು. ಅವನು ಹೊಸ್ತಿಲು ದಾಟಿದ ಕೂಡಲೇ ಹೆಂಗಸರು ಸೆರಗು ಸರಿಮಾಡಿಕೊಂಡು ಸುಮ್ಮನಾಗುತ್ತಿದ್ದರು. ಅಮರೇಶ್ವರಿ ಎದ್ದು ತಟ್ಟೆ ಹಾಕುತ್ತಿದ್ದಳು. ನೆಂಟರಿಗೆ ಬಡಿಸಿದಂತೆ ಮರ್ಯಾದೆಯಿಂದ ಬಡಿಸುತ್ತಿದ್ದಳು. ಅವನೂ ನೆಂಟನಂತೆ ಸಾಕು ಸಾಕು ಅನ್ನುತ್ತಿದ್ದ. ಜಗಳ ಅನ್ನುವುದು ಇರಲಿಲ್ಲ. ಜಗಳಕ್ಕೆ ಬೇಕಾಗುವಷ್ಟು ಮಾತೂ ಇರಲಿಲ್ಲ.

ಐವತ್ತರ ಹತ್ತಿರ ಬಂದಾಗ ಅವನ ಎಡ ಮೊಣಕಾಲು ಹಿಡಿಯತೊಡಗಿತು. ಕ್ಲಚ್ಚು ಒತ್ತುವ ಕಾಲು. ಬೆಳಗ್ಗೆ ಎದ್ದಾಗ ತುಕ್ಕು ಹಿಡಿದ ಬಾಗಿಲಿನ ಹಾಗೆ ಬಿಗಿದಿರುತ್ತಿತ್ತು. ಬಸ್ಸಿನ ಮೆಟ್ಟಿಲು ಇಳಿಯುವಾಗ ಒಳಗೆ ಏನೋ ಕಟಕಟ ಅನ್ನುತ್ತಿತ್ತು. ಸಿಂಧನೂರಿನ ಡಾಕ್ಟರು ಎಲುಬಿನ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು.

"ಇದು ಸಂಧಿವಾತ. ಎಲುಬಿನ ನಡುವಿನ ಮೆತ್ತಗಿನ ಪದರ ಸವೆದೈತಿ. ಹೋಗಿದ್ದು ತಿರುಗಿ ಬರಂಗಿಲ್ಲ. ತೂಕ ಇಳಸ್ರಿ, ನಡೀರಿ. ಕುಂತಲ್ಲೇ ಕುಂತ್ರ ಇನ್ನೂ ಬಿಗೀತೈತಿ."

"ನನ್ನ ಕೆಲಸಾನ ಕುಂದರೋದು ರೀ," ಅಂದ ಹುಲಿಗೇಶ.

ಡಿಪೋದಲ್ಲಿ ಇದನ್ನು ಹೇಳಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಹೇಳಿದರೆ ಸ್ಟೇರಿಂಗ್ ಕೈಬಿಡುತ್ತದೆ ಎಂಬುದು ಒಂದು ಹೆದರಿಕೆ. ಹೇಳುವುದು ಹೇಗೆ ಎಂದು ಗೊತ್ತಿಲ್ಲದ್ದು ಇನ್ನೊಂದು.

ವಳಕಮದಿನ್ನಿಯಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ಕಾಲುವೆ. ಅದರ ದಂಡೆಯ ಮೇಲೆ ಎತ್ತಿನ ಬಂಡಿ ಹೋಗುವಷ್ಟು ದಾರಿ. ಎರಡೂ ಕಡೆ ಭತ್ತದ ಗದ್ದೆ. ಡಾಕ್ಟರು ಹೇಳಿದ ಮೇಲೆ ಹುಲಿಗೇಶ ನಸುಕಿನಲ್ಲಿ ಆ ದಾರಿಯಲ್ಲಿ ನಡೆಯತೊಡಗಿದ. ಪೇಟೆಯಲ್ಲಿ ದಪ್ಪ ಅಟ್ಟೆಯ ಬೂಟೂ ಕೊಂಡ. ಬೂಟು ಹಾಕಿಕೊಂಡು ಸ್ವಲ್ಪ ಜೋರಾಗಿ ಹೆಜ್ಜೆ ಹಾಕಿದರೆ ಹಿಮ್ಮಡಿ ನೆಲಕ್ಕೆ ಬಡಿದು, ಆ ಪೆಟ್ಟು ನೇರವಾಗಿ ಮೊಣಕಾಲಿಗೆ ಏರುತ್ತಿತ್ತು. ಬಿಡಲಿಲ್ಲ. ಕಾಸು ಕೊಟ್ಟು ತಂದದ್ದನ್ನು ಬಿಡುವುದು ಅವನ ಜಾಯಮಾನವಲ್ಲ.

ಆ ಮಳೆಗಾಲ ಕಾಲುವೆಗೆ ನೀರು ಬಿಟ್ಟರು. ನಾಟಿ ಶುರುವಾಯಿತು. ದಂಡೆಯ ಎರೆಮಣ್ಣು ನೆನೆದು ಬೂಟಿಗೆ ಅಂಟಿ, ಒಂದೊಂದು ಬೂಟೂ ಒಂದೊಂದು ಕಲ್ಲಿನಷ್ಟು ಭಾರವಾಯಿತು. ಹುಲಿಗೇಶ ಬೇಸತ್ತು ಎರಡನ್ನೂ ಬಿಚ್ಚಿ ಜಾಲಿ ಗಿಡದ ಬುಡದಲ್ಲಿಟ್ಟ. ಪ್ಯಾಂಟು ಮಡಚಿದ. ತಣ್ಣಗಿನ ಮಣ್ಣು ಬೆರಳುಗಳ ಸಂದಿನಿಂದ ಮೇಲೆ ಬಂತು. ಜಾರಿ ಬೀಳಬಾರದೆಂದು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟ. ಹೆಜ್ಜೆಗಳು ತಾವೇ ಚುರುಕಾದವು. ಇನ್ನೂ ಚುರುಕಾದವು. ತಾನು ಓಡುತ್ತಿದ್ದೇನೆ ಎಂಬುದು ಅವನಿಗೆ ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಹಿಮ್ಮಡಿ ನೆಲಕ್ಕೆ ಬಡಿಯುತ್ತಿರಲಿಲ್ಲ, ಪಾದದ ಮುಂಭಾಗವೇ ಮೊದಲು ಊರುತ್ತಿತ್ತು. ಮೊಣಕಾಲು ಇದ್ದೇ ಇತ್ತು, ಆದರೆ ಕೂಗುತ್ತಿರಲಿಲ್ಲ. ತೂಬಿನ ತನಕ ಹೋಗಿ ನಿಂತು ಸುತ್ತ ನೋಡಿದ. ಯಾರೂ ಇರಲಿಲ್ಲ. ಬೆಳ್ಳಕ್ಕಿಗಳು ಎದ್ದು ಆಚೆ ಗದ್ದೆಯಲ್ಲಿ ಕೂತವು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಅಸದ್ ಇದ್ದಿದ್ದರೆ ಅವನಿಗೇ ಹೇಳುತ್ತಿದ್ದ.

ಮರುದಿನ ಮೀನಖಂಡ ಎಷ್ಟು ನೋಯಿತೆಂದರೆ ಬಸ್ಸು ಹತ್ತಲು ಕಂಬಿ ಹಿಡಿದು ಜಗ್ಗಿಕೊಳ್ಳಬೇಕಾಯಿತು. ಆದರೂ ಅದು ಹೊಸ ನೋವು, ಕೆಲಸ ಮಾಡಿದ ನೋವು. ಹಳೆಯದರಂತೆ ಹೆದರಿಸುವ ನೋವಲ್ಲ. ನೋವು ಇಳಿದ ಮೇಲೆ ಮತ್ತೆ ಓಡಿದ. ಒಂದು ಗಿಡದಿಂದ ಇನ್ನೊಂದು ಗಿಡದ ತನಕ ಓಟ, ಆಮೇಲೆ ನಡಿಗೆ, ಮತ್ತೆ ಓಟ. ಅಂಗಾಲು ಸುಲಿದು, ಗಾಯ ಮಾಗಿ, ಗಟ್ಟಿಯಾಯಿತು.

ಗದ್ದೆಗೆ ನೀರು ಕಟ್ಟಲು ಬರುತ್ತಿದ್ದ ಹಾಜಿಸಾಬ ಒಂದು ದಿನ ಸಲಿಕೆ ಊರಿ ನಿಂತು ಇವನ ಓಟ ನೋಡಿದ. ವಯಸ್ಸಾದ ರೈತ, ಹಲ್ಲು ಅರ್ಧ ಬಿದ್ದಿದ್ದವು.

"ಏನಪ್ಪಾ ಡ್ರೈವರಾ, ಬಸ್ಸು ಅಲ್ಲಿ ನಿಂತೈತಿ, ನೀ ಇಲ್ಲಿ ಓಡಾಕತ್ತೀದಿ. ಯಾರರ ಬೆನ್ನು ಹತ್ತ್ಯಾರೇನು?"

"ಯಾರೂ ಹತ್ತಿಲ್ಲ ಕಾಕಾ. ಮಣಕಾಲು ಹಿಡಕೊಂಡೈತಿ. ಬಿಡಸಾಕತ್ತೀನಿ."

"ನನಗೂ ಹಿಡಕೊಂಡೈತಿ. ನಾನೂ ಓಡಿಲ್ಲ, ಅದೂ ಬಿಟ್ಟಿಲ್ಲ," ಅಂದ ಹಾಜಿಸಾಬ. ಆಮೇಲೆ ಹುಲಿಗೇಶನ ಕಾಲು ನೋಡಿ, "ಬರಿಗಾಲು ಬೇಶ್. ಆದ್ರ ಹಾವು ನೋಡ್ಕೋ," ಅಂದು ತನ್ನ ಬದುವಿನ ಕಡೆ ಹೋದ.

ಆ ವರ್ಷವೆಲ್ಲ ಹುಲಿಗೇಶನಿಗೆ ಸಿಕ್ಕ ಸಂಗಾತ ಅಷ್ಟೇ. ದಂಡೆಯ ಮೇಲೆ ಸಿಗುವ ಒಂದೆರಡು ಮಾತು. ಹಾಜಿಸಾಬ ಬರದ ದಿನ ಅದೂ ಇಲ್ಲ. ಆದರೂ ಬೆಳಗಿನ ಬಿಗುವು ಸಡಿಲವಾಯಿತು. ತೂಕ ಇಳಿಯಿತು. ಕ್ಲಚ್ಚು ಒತ್ತುವಾಗ ಹಲ್ಲು ಕಚ್ಚುವುದು ತಪ್ಪಿತು. ತನ್ನ ರೋಗಕ್ಕೆ ತಾನೇ ಮದ್ದು ಕಂಡುಕೊಂಡೆ ಎಂದು ಅವನು ನಂಬಿದ. ನಂಬಿಕೆ ಬಂದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ದೂರ ಹೆಚ್ಚಿಸಿದ. ಕೊಯ್ಲಿನ ಕಾಲಕ್ಕೆ ದಂಡೆಯ ಮೇಲೆ ಭತ್ತ ಕೊಯ್ಯುವ ಮಷೀನುಗಳು ನಿಂತು ದಾರಿ ಇಲ್ಲದಾದಾಗ, ಒಂದು ಬೆಳಗ್ಗೆ ಗರಸು ಹಾಕಿದ ರಸ್ತೆಯ ಮೇಲೆಯೇ ಓಡಿದ. ಕಲ್ಲು ಚುಚ್ಚಿದರೂ ನಿಲ್ಲಲಿಲ್ಲ. ಮುಂದಿನ ಹಳ್ಳಿಯ ದೀಪ ಕಾಣುವವರೆಗೂ ಓಡಿದ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಊದಿ, ಪ್ಯಾಂಟಿನೊಳಗೆ ಬಿಗಿಯಾಗಿ ಕೂತಿತು.

ಆ ದಿನವೇ ಮಸ್ಕಿಯ ಹತ್ತಿರ ಅದು ಆಯಿತು.

ಲಿಂಗಸುಗೂರಿನಿಂದ ತಿರುಗಿ ಬರುವಾಗ ರಸ್ತೆಗೆ ಕುರಿಹಿಂಡು ಅಡ್ಡ ಬಂತು. ಹುಲಿಗೇಶ ವೇಗ ಇಳಿಸಿದ, ಗೇರು ಇಳಿಸಿದ. ಕುರಿ ಕಾಯುವ ಹೆಂಗಸು ಹಿಂದೆ ಉಳಿದ ಮರಿಯೊಂದನ್ನು ಎತ್ತಿಕೊಳ್ಳಲು ಬಸ್ಸಿನ ಮುಂದೆಯೇ ಬಗ್ಗಿದಳು. ಅವನು ಎರಡೂ ಕಾಲು ಒತ್ತಿದ. ಬಲಗಾಲು ಒತ್ತಿತು. ಎಡಗಾಲು ಅರ್ಧಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಎಂಜಿನ್ನು ಬಸ್ಸನ್ನು ಮುಂದಕ್ಕೆ ನೂಕಿತು, ಗಡಗಡ ನಡುಗಿತು, ಆಮೇಲೆ ಆರಿತು. ಬಸ್ಸು ನಿಂತಾಗ ಆ ಹೆಂಗಸು ಎದುರಿನ ಗಾಜಿನ ಕೆಳಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಮರಿ ಎತ್ತಿಕೊಂಡು ನಿಂತಿದ್ದಳು. ಅವಳು ಬಯ್ಯಲೂ ಇಲ್ಲ. ಸುಮ್ಮನೆ ಇವನ ಮುಖ ನೋಡಿ, ಮರಿಯನ್ನು ಬಗಲಿಗೇರಿಸಿ ದಾಟಿ ಹೋದಳು.

ಹಿಂದೆ ಕೂತ ಜನಕ್ಕೆ ಬಸ್ಸು ಬಂದ್ ಬಿದ್ದದ್ದು ಮಾತ್ರ ಗೊತ್ತಾಯಿತು. "ಏನಾತ್ರೀ ಡ್ರೈವರ್ ಸಾಹೇಬ್ರ?" ಎಂದು ಯಾರೋ ಕೇಳಿದರು. "ಏನಿಲ್ರಿ," ಅಂದ. ಮತ್ತೆ ಚಾಲೂ ಮಾಡಿ ಸಿಂಧನೂರಿನ ತನಕ ಎತ್ತಿನ ಬಂಡಿಯ ಹಾಗೆ ನಡೆಸಿಕೊಂಡು ಬಂದ. ದಾರಿಯುದ್ದಕ್ಕೂ ಆ ಹೆಂಗಸಿನ ಮುಖ ಗಾಜಿನ ಮೇಲೆ ಇತ್ತು.

ಡಿಪೋಗೆ ಬಂದವನೇ ಮ್ಯಾನೇಜರರ ಕೋಣೆಗೆ ಹೋದ.

"ಸಾಹೇಬ್ರ, ನನ್ನ ಎಡಗಾಲು ನಂಬಂಗಿಲ್ಲ. ಇನ್ನ ನನ್ನ ಕೈಯಾಗ ಗಾಡಿ ಕೊಡಬ್ಯಾಡ್ರಿ."

ಮ್ಯಾನೇಜರು ತಲೆಯೆತ್ತಿದರು. "ಯಾರಾದ್ರೂ ದೂರು ಕೊಟ್ಟಾರೇನು?"

"ಇಲ್ರಿ."

"ಗಾಡಿಗೆ ಏನರ ಆಗೈತೇನು?"

"ಏನೂ ಆಗಿಲ್ರಿ. ಆಗೂದಿತ್ತು."

ಅವರು ಕುರ್ಚಿ ತೋರಿಸಿ ಕೂಡು ಅಂದರು. ಹುಲಿಗೇಶ ಕೂತು ಎಲ್ಲ ಹೇಳಿದ. ಮೊಣಕಾಲಿನದು, ಡಾಕ್ಟರದು, ಕುರಿಗಳದು. ಓಟದ್ದು ಮಾತ್ರ ಹೇಳಲಿಲ್ಲ. ತಪಾಸಣೆಗೆ ಕಳಿಸಿದರು. ಬಸ್ಸು ಬಿಡಿಸಿ, ಡಿಪೋದೊಳಗೆ ಟಯರಿನ ಕೋಣೆಯಲ್ಲಿ ಹಗುರ ಕೆಲಸ ಕೊಟ್ಟರು. ಜೊತೆಯವರು "ಆರಾಮ ಆತು ಬಿಡು, ದಿನಾ ಮನಿಗೆ ಹೋಗಬಹುದು" ಅಂದರು.

ದಿನಾ ಮನೆಗೆ ಹೋಗುವುದು ಅವನಿಗೆ ಬರುತ್ತಿರಲಿಲ್ಲ.

ಸಂಜೆ ಮನೆಗೆ ಬಂದರೆ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಪಡಸಾಲೆ ತುಂಬ ರೊಟ್ಟಿಯ ಬುಟ್ಟಿ. ಒಳಕೋಣೆಯಲ್ಲಿ ಹಿಟ್ಟಿನ ಚೀಲ. ಅವನು ಬರುವ ಮುಂಚೆಯೇ ಆ ಮನೆ ಅವನಿಲ್ಲದೆ ತುಂಬಿಕೊಂಡಿತ್ತು. ಕೈಕೆಳಗೆ ದುಡಿಯುವ ಹೆಂಗಸರು ಸಂಕೋಚಪಟ್ಟು ಬೇಗ ಏಳತೊಡಗಿದರು. ಅಮರೇಶ್ವರಿಯ ನಗು ಕೇಳಿಸುವುದು ನಿಂತಿತ್ತು, ಅದು ಅವನಿಗೆ ಗೊತ್ತಾಗುತ್ತಿತ್ತು. ಕಟ್ಟೆಯ ಮೇಲೆ ಕೂತು ಓಣಿಯಲ್ಲಿ ಹೋಗಿ ಬರುವವರನ್ನು ನೋಡುತ್ತಿದ್ದ. ವಸ್ತಿಯಲ್ಲಿ ಒಬ್ಬನೇ ಇದ್ದಾಗ ಇರದ ಬೇಸರ, ಮನೆಯಲ್ಲಿ ಇಬ್ಬರಿದ್ದಾಗ ಬಂತು.

ಊತ ಇಳಿದ ಮೇಲೆ ಮತ್ತೆ ಓಡಬೇಕು ಅನ್ನಿಸಿತು. ಊರಾಚೆಯ ಮೈದಾನಕ್ಕೆ ಹೋದ. ಅಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು, ಬಣ್ಣದ ಬೂಟು ಹಾಕಿ ಗುಂಪುಗುಂಪಾಗಿ ನಡೆಯುವ ಸಾಹುಕಾರರು. ಹುಲಿಗೇಶ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಧಾನವಾಗಿ ಓಡಿದ. ಬಟ್ಟೆ ಅಂಗಡಿಯ ವೀರೇಶ ನಿಲ್ಲಿಸಿ, "ಹರಕಿ ಐತೇನ್ರೀ?" ಎಂದು ಕೇಳಿದ.

"ಹರಕಿ ಅಲ್ರಿ. ಮಣಕಾಲಿಗೆ."

"ಮಣಕಾಲು ನೋಯೋರು ಓಡ್ತಾರೇನ್ರೀ?" ಅಂದು ಅವನು ತನ್ನ ಗುಂಪು ಕೂಡಿಕೊಂಡ. ಕೆಟ್ಟದ್ದೇನೂ ಅನ್ನಲಿಲ್ಲ. ಆದರೂ ಅಂದಿನಿಂದ ಹುಲಿಗೇಶ ಗುಂಪುಗಳು ಹೋದ ಮೇಲೆ, ಬಿಸಿಲೇರುವ ಹೊತ್ತಿಗೆ ಹೋಗತೊಡಗಿದ. ನೆಲ ಗಟ್ಟಿ, ದೂಳು. ನಾಲ್ಕು ಹೆಜ್ಜೆ ಓಡುವುದು, ಹತ್ತು ಹೆಜ್ಜೆ ನಡೆಯುವುದು.

ಅಲ್ಲೇ ಒಂದು ದಿನ ಜಾಲಿ ಮುಳ್ಳು ಎಡ ಅಂಗಾಲಿನಲ್ಲಿ ಮುರಿಯಿತು. ಕುಂಟುತ್ತ ಮನೆಗೆ ಬಂದು ಪಡಸಾಲೆಯಲ್ಲಿ ಕೂತು, ಕಾಲು ಮಡಚಿ ಅಂಗಾಲು ನೋಡಲು ಯತ್ನಿಸಿದ. ಮೊಣಕಾಲು ಅಷ್ಟು ಮಡಚುತ್ತಿರಲಿಲ್ಲ. ಹೆಂಗಸರು ಆಗಲೇ ಹೋಗಿದ್ದರು. ಅಮರೇಶ್ವರಿ ಕಸ ಗುಡಿಸುತ್ತಿದ್ದವಳು ಪೊರಕೆ ಇಟ್ಟು ಬಂದಳು.

"ಏನು ಚುಚ್ಚಿತು?"

"ಮುಳ್ಳು."

ಅವಳು ಎದುರಿಗೆ ಕೂತು ಅವನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದಳು. ಆಮೇಲೆ ಪಿನ್ನು ಹಾಗೇ ಹಿಡಿದು ಅಂಗಾಲನ್ನೇ ನೋಡಿದಳು. ಒರಟಾದ, ಸೀಳಿದ, ಕಪ್ಪು ಹತ್ತಿದ ಅಂಗಾಲು.

"ಇದೇನು, ಕೂಲಿಗೆ ಹೋಗೋರ ಕಾಲು ಆಗೈತಿ. ಡ್ರೈವರಿಕಿ ಮಾಡಿದ ಕಾಲೇನ್ರೀ ಇದು?"

ಬೇರೆ ದಾರಿಯಿಲ್ಲದೆ ಹೇಳಿದ. "ಓಡ್ತೀನಿ. ಬರಿಗಾಲಲೆ. ಹೋದ ವರ್ಷ ಕಾಲುವಿಗೆ ನೀರು ಬಿಟ್ಟಾಗಿಂದ."

"ಓಡ್ತೀರಾ? ಯಾಕ?"

"ಮಣಕಾಲು ಸವೆದೈತಿ. ಅದಕ್ಕ ಬಸ್ಸು ಬಿಡಿಸಿದ್ದು. ನಾನ ಕೇಳಿ ಬಿಡಿಸಿಕೊಂಡೆ."

ಅವಳಿಗೆ ಅದೂ ಗೊತ್ತಿರಲಿಲ್ಲ. ಯಾವುದೋ ಬದಲಿ ಕೆಲಸ ಅಂದುಕೊಂಡಿದ್ದಳು. ತಲೆ ಬಗ್ಗಿಸಿ ಪಿನ್ನಿನಿಂದ ಮುಳ್ಳಿನ ಸುತ್ತ ಚರ್ಮ ಬಿಡಿಸತೊಡಗಿದಳು. ಪಿನ್ನು ಕೈಯಿಂದ ಜಾರಿತು. ಎತ್ತಿಕೊಂಡಳು. ಮತ್ತೆ ಜಾರಿತು. ಹುಲಿಗೇಶ ಆಗ ಅವಳ ಕೈ ನೋಡಿದ. ಹೆಬ್ಬೆರಳಿನ ಬುಡ ಗಂಟು ಕಟ್ಟಿದ ಹಾಗೆ ಊದಿತ್ತು. ತೋರುಬೆರಳು ಒಂದು ಕಡೆಗೆ ವಾಲಿತ್ತು.

"ನಿನ್ನ ಕೈಗೇನಾಗೈತಿ?"

"ಏನಿಲ್ಲ. ರೊಟ್ಟಿ ಬಡಿಯೋ ಕೈ."

"ಎಷ್ಟ್ ದಿನದಿಂದ?"

"ಎರಡು ವರ್ಷಾತು. ಬೆಳಿಗ್ಗೆ ಮುಷ್ಟಿ ಕಟ್ಟಾಕ ಬರಂಗಿಲ್ಲ. ಬಿಸಿನೀರಾಗ ಇಟ್ಟ ಮ್ಯಾಲೆ ಬಿಡತೈತಿ. ಆಮ್ಯಾಲೆ ಒಲಿ ಮುಂದ ಕುಂದರತೀನಿ."

"ನನಗ್ಯಾಕ ಹೇಳಲಿಲ್ಲ ಅಮರೀ?"

ಅವಳು ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳಂತೆ ಹೇಳಿದಳು. "ನೀವು ಬರೂ ಹೊತ್ತಿಗೆ ಅದು ಬಿಟ್ಟಿರತಿತ್ತು."

ಮುಳ್ಳು ಕೊನೆಗೂ ಬಂತು. ಅವಳು ಅದನ್ನು ಅಂಗೈಯಲ್ಲಿಟ್ಟು ತೋರಿಸಿ, ಒಲೆಗೆ ಎಸೆದು, ಅರಿಷಿಣ ತರಲು ಒಳಗೆ ಹೋದಳು. ಹುಲಿಗೇಶ ಕಾಲು ಚಾಚಿಕೊಂಡು ಹಾಗೇ ಕೂತಿದ್ದ. ಅವನು ವಳಕಮದಿನ್ನಿಯಲ್ಲಿ ಬಿಗಿದ ಮೊಣಕಾಲು ಬಿಡಿಸಿಕೊಳ್ಳುತ್ತಿದ್ದ ಹೊತ್ತಿಗೇ ಇವಳು ಇಲ್ಲಿ ಬಿಗಿದ ಬೆರಳು ಬಿಡಿಸಿಕೊಳ್ಳುತ್ತಿದ್ದಳು. ಇಬ್ಬರೂ ಒಬ್ಬೊಬ್ಬರೇ.

ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋದರು. ಮದುವೆಯಾದ ಮೇಲೆ ಇಬ್ಬರೇ ಎಲ್ಲಿಗಾದರೂ ಹೋದದ್ದು ಕಡಿಮೆ, ಆದ್ದರಿಂದ ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟೇ ಕೂತರು. ಡಾಕ್ಟರು ಅವಳ ಕೈಗೆ ಬೇರೆ ತಪಾಸಣೆ ಬರೆದರು, ಗುಳಿಗೆ ಕೊಟ್ಟರು, ಕೆಲಸ ಕಡಿಮೆ ಮಾಡು ಅಂದರು. ಓಟದ ಸುದ್ದಿ ಕೇಳಿ ಹುಲಿಗೇಶನನ್ನು ಬಯ್ಯಲಿಲ್ಲ. "ಮೆತ್ತಗಿನ ನೆಲದಾಗ, ಸ್ವಲ್ಪ ಸ್ವಲ್ಪ, ನೋವು ಹೆಚ್ಚಾಗದಷ್ಟು ಓಡ್ರಿ. ಊದಿದ ದಿನ ಬ್ಯಾಡ. ಓಡಿದ್ರ ಹಗುರ ಆಗತೈತಿ, ವಾಸಿ ಆಗಂಗಿಲ್ಲ. ಅದನ್ನ ತಿಳಕೊಂಡು ಓಡ್ರಿ," ಅಂದರು.

ಅದಾದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ಇಷ್ಟು ವರ್ಷದ ಮೌನ ಒಂದು ಮುಳ್ಳಿಗೆ ಹರಿಯುವಂಥದ್ದಲ್ಲ. ಬೆಳಗ್ಗೆ ಅವನು ಬಿಸಿನೀರು ಕಾಯಿಸಿ ಪಾತ್ರೆ ಅವಳ ಮುಂದಿಡುತ್ತಾನೆ, ಅವಳು ಕೈ ಅದ್ದಿ ಕೂರುತ್ತಾಳೆ. ಅಷ್ಟು ಹೊತ್ತು ಇಬ್ಬರೂ ಒಂದೇ ಕಡೆ ಇರುತ್ತಾರೆ. ಮಾತು ಬಂದರೆ ಬಂತು. ಬಾರದ ದಿನವೇ ಹೆಚ್ಚು.

ಬೇಸಿಗೆಯಲ್ಲಿ ಒಂದು ರಜೆಯ ಹಿಂದಿನ ದಿನ ಅವನು ಕೇಳಿದ. "ನಾಳೆ ವಳಕಮದಿನ್ನಿಗೆ ಹೋಗ್ತೀನಿ. ನೀನೂ ಬರ್ತೀ ಏನು? ಕಾಲುವಿ ದಂಡಿ ನೋಡುವಂತಿ."

"ಮದುವಿ ಆರ್ಡರ್ ಐತ್ರೀ. ರೊಟ್ಟಿ ಯಾರು ಮಾಡ್ತಾರ?"

ಒಬ್ಬನೇ ಹೋದ. ಹಗಲಿನ ಬಸ್ಸಿನಲ್ಲಿ ಟಿಕೆಟ್ಟು ತೆಗೆದುಕೊಂಡು ಕಿಟಕಿಯ ಪಕ್ಕ ಕೂತ. ಹೊಸ ಡ್ರೈವರು ಪ್ರಾಯದವನು, ಇವನ ಗುರುತಿರಲಿಲ್ಲ. ಊರಲ್ಲಿ ಇಳಿದು ವಿಚಾರಿಸಿದರೆ, ಹಾಜಿಸಾಬ ಮಗಳ ಮನೆ ಸೇರಿ ಮಸ್ಕಿಯಲ್ಲೇ ಇದ್ದಾನೆ, ಹೊಲವನ್ನು ಬೇರೆಯವರಿಗೆ ಲಾವಣಿಗೆ ಕೊಟ್ಟಿದ್ದಾನೆ ಅಂದರು. ಕಾಲುವೆಗೆ ನೀರು ಬಂದ್ ಮಾಡಿದ್ದರು. ತಳದ ಮಣ್ಣು ಬಿರಿದಿತ್ತು. ಹುಲಿಗೇಶ ಚಪ್ಪಲಿ ಬಿಟ್ಟು ದಂಡೆಯ ಮೇಲೆ ಸ್ವಲ್ಪ ದೂರ ಓಡಿದ. ಮೊಣಕಾಲು ಬೇಡ ಅಂದಾಗ ನಿಂತ. ಹಟ ಮಾಡಲಿಲ್ಲ. ತೂಬಿನ ಕಟ್ಟೆಯ ಮೇಲೆ ಕೂತು, ಎಂದೂ ಮಾಡದ ಕೆಲಸ ಮಾಡಿದ. ಸುಮ್ಮನೆ, ಕೆಲಸವಿಲ್ಲದೆ, ಹೆಂಡತಿಗೆ ಫೋನು ಹಚ್ಚಿದ.

"ಏನಾತು?" ಎಂದು ಗಾಬರಿಯಿಂದ ಕೇಳಿದಳು ಅಮರೇಶ್ವರಿ. "ಬಿದ್ದಿರೇನು?"

"ಇಲ್ಲ. ಓಡಿ ಕುಂತೀನಿ."

"ಮತ್ತ?"

"ಏನಿಲ್ಲ. ಸುಮ್ನ ಮಾಡಿದೆ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಇಟ್ಟುಬಿಟ್ಟಳೇನೋ ಅಂದುಕೊಂಡ. ಆಮೇಲೆ ಅವಳೇ ಕೇಳಿದಳು.

"ಹೆಂಗೈತಿ ಅಲ್ಲಿ?"

ಅವನು ಸುತ್ತ ನೋಡಿದ. ಹೇಳಲು ಏನಿದೆ ಅನ್ನಿಸಿತು. "ನೀರಿಲ್ಲ. ಗದ್ಯಾಗ ಬರೇ ಕೊಯ್ದ ಕೂಳಿ. ಯಾರೋ ಹುಲ್ಲು ಸುಟ್ಟಾರ, ನೆಲ ಕರ್ರಗಾಗೈತಿ. ಆಚಿಗೆ ಒಂದು ಬೇವಿನ ಗಿಡ ಐತಿ, ಹೂ ಬಿಟ್ಟೈತಿ. ಅದರ ನೆಳ್ಳಾಗ ಯಾರದೋ ಎಮ್ಮಿ ಮಲಗ್ಯಾವ." ನಿಲ್ಲಿಸಿದ. "ನಿನ್ನ ಕೆಲಸ ಕೆಡತೈತಿ. ಇಡ್ಲಾ?"

"ಬಸ್ಸು ಯಾವಾಗ ಬರ್ತೈತಿ?"

"ಇನ್ನೂ ಹೊತ್ತೈತಿ."

"ಹಂಗಾದ್ರ ಹೇಳ್ರಿ," ಅಂದಳು ಅಮರೇಶ್ವರಿ.